ದನ ಬಾಯಿ ಹಾಕದ ಸೊಪ್ಪು

ಬೆಳಗಿನ ಆರೂಕಾಲು. ಭೈರಮ್ಮ ರಸ್ತೆಯಂಚಿನ ಲಕ್ಕಿ ಗಿಡದಿಂದ ಒಂದೊಂದೇ ಕೊಂಬೆ ಕಡಿಯುತ್ತಾರೆ. ಆರು ಕೊಂಬೆಯಾದ ಮೇಲೆ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿ, ಸೊಪ್ಪನ್ನು ತೋಳಿನಲ್ಲಿ ಅವುಚಿಕೊಂಡು ಏರು ಹತ್ತುತ್ತಾರೆ. ತಿರುವು ದಾಟಿ ಐವತ್ತು ಹೆಜ್ಜೆ ಮೇಲೆ ಹೋಗಿ, ಎರಡು ಕಲ್ಲುಗಳ ನಡುವೆ ಮೊದಲ ಕೊಂಬೆಯನ್ನು ನಿಲ್ಲಿಸುತ್ತಾರೆ. ಹತ್ತು ಹೆಜ್ಜೆಗೊಂದರಂತೆ ಇಡುತ್ತಾ ಇಳಿದು ಬಂದು, ಕೊನೆಯದನ್ನು ರಸ್ತೆ ಒಡೆದು ಹೋದ ಬಾಯಿಯಲ್ಲೇ ನೆಡುತ್ತಾರೆ. ಹಾಲಿನ ಕ್ಯಾನು ಹೊತ್ತವರು ಎದುರಾದರೂ ಗದ್ದ ಎತ್ತುವುದಷ್ಟೇ.

ಭಂಡಿಗಡಿ ದಾಟಿ ಕೊಪ್ಪದ ಕಡೆಗೆ ಇಳಿಯುವ ಒಳರಸ್ತೆಯ ಈ ಜಾಗಕ್ಕೆ ಸುತ್ತಲಿನವರು ಬುಗುರಿ ತಿರುವು ಎನ್ನುತ್ತಾರೆ. ಇಳಿದು ಬಂದವರು ಇಲ್ಲಿ ಬುಗುರಿಯ ಹಾಗೆ ತಿರುಗಲೇಬೇಕು. ಕಳೆದ ಆಗಸ್ಟ್ ಮಳೆಗೆ ರಸ್ತೆಯ ಹೊರಗಿನ ಅರ್ಧ ಕಣಿವೆಗೆ ಜಾರಿತು. ಉಳಿದದ್ದು ಒಂದು ಬಸ್ಸಿನ ಅಗಲ. ಬೋರ್ಡಿಲ್ಲ, ತಡೆಗೋಡೆಯಿಲ್ಲ. ಇರುವುದು ಆರು ಕೊಂಬೆ ಸೊಪ್ಪು ಮತ್ತು ಅದನ್ನು ದಿನವೂ ಹೊಸದಾಗಿ ಇಡುವ ಐವತ್ತೆರಡು ವರ್ಷದ ಒಬ್ಬ ಹೆಂಗಸು.

ಭೈರಮ್ಮ ರಸ್ತೆ ಗ್ಯಾಂಗಿನ ಕೂಲಿ. ಸೇರಿ ಹತ್ತೊಂಬತ್ತು ವರ್ಷ. ಇವರ ಪಾಲಿನ ರಸ್ತೆ ಐದೂವರೆ ಕಿಲೋಮೀಟರು. ಹದಿನಾಲ್ಕು ತಿರುವು, ಮೂವತ್ತೊಂದು ಮೋರಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನಡೆದರೆ ಹನ್ನೊಂದು ಕಿಲೋಮೀಟರು. ಮಳೆಗಾಲದಲ್ಲಿ ಚರಂಡಿಯ ಮಣ್ಣೆತ್ತಬೇಕು, ಬೇಸಗೆಯಲ್ಲಿ ಗುಂಡಿ ತುಂಬಬೇಕು, ಉಳಿದ ಕಾಲಕ್ಕೆ ಜಲ್ಲಿ ಗುಡಿಸಬೇಕು. ಎಡಪಾದದ ಮೇಲೆ ಅಂಗೈಯಗಲದ ಸುಟ್ಟ ಕಲೆಯಿದೆ. ಕುದಿಯುವ ಡಾಂಬರು ಬಿದ್ದ ಗುರುತು. ಹದಿನೈದು ದಿನ ಮಲಗಿ, ಹದಿನಾರನೆಯ ದಿನ ಗೋಣಿತಾಟು ಸುತ್ತಿಕೊಂಡು ಕೆಲಸಕ್ಕೆ ಬಂದರು. "ಕೂತ್ರೆ ಕಾಲು ಜಾಸ್ತಿ ನೋಯ್ತದೆ," ಎಂಬುದು ಅವರ ಸಮಜಾಯಿಷಿ.

ರಸ್ತೆಗೆ ಬೆನ್ನು ಹಾಕಿ ಬಗ್ಗುವ ಕೆಲಸವಾದ್ದರಿಂದ ಇವರಿಗೆ ಕಿವಿಯೇ ಕಣ್ಣು. ಯಾವ ಬಸ್ಸು, ಯಾರ ಜೀಪು ಎಂದು ತಿರುಗದೆ ಹೇಳುತ್ತಾರೆ. ಊರಿನವರ ಕಬ್ಬಿಣದ ಸೈಕಲ್ಲಾದರೆ ಬ್ರೇಕು ಕಿರುಚುತ್ತದೆ, ಕ್ಯಾರಿಯರು ಗಡಗಡಿಸುತ್ತದೆ. ಮೂರು ವರ್ಷದಿಂದ ಬರುತ್ತಿರುವ ಹೊಸ ಸೈಕಲ್ಲುಗಳ ಬಗ್ಗೆ ಮಾತ್ರ ಅವರ ತಕರಾರಿದೆ. "ಶಬ್ದವೇ ಇಲ್ಲ ಮಾರಾಯ್ರೆ. ಗಾಳಿ ಬಂತು ಅಂತ ತಲೆ ಎತ್ತಿದ್ರೆ ಸೈಕಲ್ ಹೋಗಿ ಆಯ್ತು."

ಆ ಸೈಕಲ್ಲುಗಳನ್ನು ಈ ದಾರಿಗೆ ತಂದವರು ನರಸಿಂಹರಾಜಪುರದ ಶಶಿಕಿರಣ್. ಅಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂರುವ, ಭಾನುವಾರ ಬಂದರೆ ಅಂಗಡಿ ಮರೆಯುವ ಯುವಕ. ಶೃಂಗೇರಿಯಿಂದ ಹೊರಟು, ಜಯಪುರದಲ್ಲಿ ತಿಂಡಿ ತಿಂದು, ಭಂಡಿಗಡಿಯ ಏರಿಳಿತ ದಾಟಿ, ಕೊಪ್ಪದ ಮೂಲಕ ಭದ್ರಾ ಹಿನ್ನೀರಿನ ದಡ ಮುಟ್ಟುವ ಮಾರ್ಗವನ್ನು ತಾವೇ ತುಳಿದು ತುಳಿದು ಗುರುತು ಮಾಡಿದ್ದಾರೆ. ಎಲ್ಲಿ ಏರು, ಎಲ್ಲಿ ನೀರು, ಎಲ್ಲಿ ಎಚ್ಚರ ಎಂದು ಒಂದು ಹಾಳೆಯಲ್ಲಿ ಬರೆದು ಜೆರಾಕ್ಸ್ ಮಾಡಿ ಹಂಚುತ್ತಾರೆ. ಕಳೆದ ಡಿಸೆಂಬರಿನಲ್ಲಿ ಇಪ್ಪತ್ತೆರಡು ಜನರ ತಂಡ ಬರುವುದಿತ್ತು. ಎರಡು ದಿನ ಮೊದಲೇ ಬಂದು ಹೇಳಿದ್ದರು: "ಭೈರಕ್ಕ, ಭಾನುವಾರ ದೊಡ್ಡ ದೊಡ್ಡ ಊರಿನೋರು ಬರ್ತಾರೆ. ನಿಮ್ಮ ರಸ್ತೆ ಚಂದ ಇರ್ಲಿ."

ಹತ್ತೊಂಬತ್ತು ವರ್ಷದಲ್ಲಿ ಭೈರಮ್ಮನ ರಸ್ತೆ ಚಂದ ಇರಲಿ ಎಂದು ಕೇಳಿದವರು ಯಾರೂ ಇರಲಿಲ್ಲ.

ಆ ಭಾನುವಾರ ಅವರು ಬೆಳಗಾಗುವ ಮೊದಲೇ ಎದ್ದರು. ತಿರುವಿನ ಜಲ್ಲಿಯನ್ನೆಲ್ಲ ಗುಡಿಸಿದರು. ಆಮೇಲೆ ಲಕ್ಕಿಯನ್ನು ನೋಡಿದರು. ಬೂದಿ ಬಣ್ಣ, ಜೋಲು ಮುಖ, ದನವೂ ಹತ್ತಿರ ಬಾರದಂತೆ ಮೂಗಿಗೆ ಅಡರುವ ವಾಸನೆ. ನೆಂಟರ ಮುಂದೆ ಇಡುವಂಥದ್ದಲ್ಲ. ಕೆಳಗಿನ ಬೇಲಿಯಲ್ಲಿ ಹಲಸಿನ ಮರ ಫಳಫಳ ಹೊಳೆಯುತ್ತಿತ್ತು. ಕಡು ಹಸಿರು, ಎಣ್ಣೆ ಹಚ್ಚಿದಂಥ ಎಲೆ. ಆರು ಕೊಂಬೆ ಕಡಿದರು, ನಿಲ್ಲಿಸಿದರು, ದೂರ ನಿಂತು ನೋಡಿ ಸಂತೋಷಪಟ್ಟರು. ಮತ್ತೆ ಪೊರಕೆ ಹಿಡಿದು ಕೆಳಗಿನ ತಿರುವಿಗೆ ಹೋದರು.

ಎಂಟು ಗಂಟೆಗೆ ಮೇಲಿನ ಮನೆಯ ಯಮುನಮ್ಮ ಹಾಲು ಕರೆದು ದನ ಬಿಟ್ಟರು. ಹಲಸಿನ ಸೊಪ್ಪೆಂದರೆ ದನಕ್ಕೆ ಪಾಯಸ. ನಾಲ್ಕು ದನ ರಸ್ತೆಗೆ ಬಂದು ಮೇಲಿನ ಕೊಂಬೆಯಿಂದ ಶುರು ಮಾಡಿ, ಒಂದೊಂದನ್ನೇ ಬೋಳು ಮಾಡುತ್ತಾ ತಿರುವಿಗೇ ಇಳಿದವು.

ಒಂಬತ್ತಕ್ಕೆ ಸೈಕಲ್ಲುಗಳು ಬಂದವು. ಕೆಳಗಿದ್ದ ಭೈರಮ್ಮನಿಗೆ ಏನೂ ಕೇಳಿಸಲಿಲ್ಲ. ದನದ ಕೊರಳ ಗಂಟೆ ಒಮ್ಮೆ ಜೋರಾಗಿ ಬಡಿಯಿತು, ಅಷ್ಟೇ. ಓಡಿ ಹತ್ತಿದರು. ರಸ್ತೆಯ ತುಂಬ ಬಣ್ಣಬಣ್ಣದ ಅಂಗಿಯವರು. ಶಶಿಕಿರಣ್ ಕಣಿವೆಯ ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಕೆಳಗೆ ಕೈ ಚಾಚಿದ್ದರು. ಹನ್ನೆರಡು ಅಡಿ ಕೆಳಗೆ, ಲಂಟಾನದ ಮುಳ್ಳಿನ ಮೇಲೆ, ತಂಡದ ಮುಂದಿದ್ದ ಅವರ ತಂಗಿ ಸಿರಿ. ಹತ್ತೊಂಬತ್ತು ವರ್ಷ. ಮುಖ ಕಾಣದಷ್ಟು ರಕ್ತ.

ಭೈರಮ್ಮ ಹುಡುಗಿಯನ್ನು ನೋಡಿದರು. ಆಮೇಲೆ ರಸ್ತೆ ನೋಡಿದರು. ಕಲ್ಲುಗಳ ನಡುವೆ ಆರು ಬೋಳು ಕಡ್ಡಿ ನಿಂತಿದ್ದವು. ಕೊನೆಯ ಕಡ್ಡಿಯ ಪಕ್ಕ ದನವೊಂದು ಇನ್ನೂ ಮೆಲುಕು ಹಾಕುತ್ತಿತ್ತು.

"ನಾನೇ," ಎಂದರು. ಯಾರೂ ಕೇಳಿರಲಿಲ್ಲ. "ಹಲಸಿನ ಸೊಪ್ಪು ಇಟ್ಟದ್ದು ನಾನೇ. ದನ ತಿಂತದೆ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಇಟ್ಟೆ."

ಹಾಲಿನ ವ್ಯಾನಿನಲ್ಲಿ ಸಿರಿಯನ್ನು ಕೊಪ್ಪಕ್ಕೆ ಸಾಗಿಸಿದರು. ಭುಜದ ಮೂಳೆ, ಎರಡು ಪಕ್ಕೆಲುಬು, ದವಡೆ ಮುರಿದಿದ್ದವು. ಸಿರಿ ಬದುಕಿದರು.

ಸಂಜೆ ಶಶಿಕಿರಣ್ ಮರಳಿ ಬಂದು ಕಿಸೆಯಿಂದ ಹಾಳೆ ತೆಗೆದು ಓದಿದರು. ಬುಗುರಿ ತಿರುವಿನ ಎದುರು ಬರೆದಿದ್ದದ್ದು ಒಂದೇ ಸಾಲು: "ಸೊಪ್ಪು ಕಂಡಲ್ಲಿ ಬ್ರೇಕ್ ಹಿಡಿಯಿರಿ." ಇಪ್ಪತ್ತೆರಡು ಜನ ಸೊಪ್ಪಿಗೆ ಕಾಯುತ್ತಾ ಇಳಿದಿದ್ದರು. ಸೊಪ್ಪು ಕಾಣಲಿಲ್ಲ, ಬ್ರೇಕು ಹಿಡಿಯಲಿಲ್ಲ.

"ನಾನಿಡೋ ಸೊಪ್ಪು ಕಾಗದದಲ್ಲಿ ಬರೆದಿದಾರೆ ಅಂತ ನಂಗೆ ಯಾರೂ ಹೇಳ್ಲಿಲ್ಲ," ಎನ್ನುತ್ತಾರೆ ಭೈರಮ್ಮ. "ನಾನು ಏನೋ ನಮ್ಮ ಬಸ್ಸಿನೋರಿಗೆ, ಹಾಲಿನೋರಿಗೆ ಅಂತ ಇಡ್ತಿದ್ದೆ. ಅಷ್ಟು ಜನರ ಜೀವ ಅದ್ರ ಮೇಲೆ ನಿಂತದೆ ಅಂತ ಗೊತ್ತಿದ್ರೆ ಚಂದ ನೋಡ್ತಿದ್ನಾ?"

ಊರು ಈ ವಿಷಯವನ್ನು ತನ್ನದೇ ರೀತಿಯಲ್ಲಿ ನುಂಗಿಕೊಂಡಿದೆ. ಯಮುನಮ್ಮ ಎದುರು ಸಿಕ್ಕಾಗ, "ನಮ್ಮ ದನಕ್ಕೆ ಹಬ್ಬದೂಟ ಬಡಿಸಿದ್ಯಲ್ಲೇ ಮಾರಾಯ್ತಿ!" ಎಂದು ನಗುತ್ತಾರೆ. ಭೈರಮ್ಮ ನಗುವುದಿಲ್ಲ. ಜನವರಿಯಲ್ಲಿ ಸಿರಿಯೇ ಕೈಗೆ ಪಟ್ಟಿ ಕಟ್ಟಿಕೊಂಡು ಅಣ್ಣನ ಬೈಕಿನ ಹಿಂದೆ ಕೂತು ಬಂದರು. ತಂತಿ ಬಿಗಿದ ದವಡೆಯಲ್ಲೇ ತಮಾಷೆ: "ದನದ್ದು ತಪ್ಪಿಲ್ಲ ಭೈರಕ್ಕ, ತಿಂಡಿ ತಿಂತಾ ಇತ್ತು. ನಾನೂ ಜಯಪುರದಲ್ಲಿ ಎರಡು ಬನ್ಸ್ ಜಾಸ್ತಿ ತಿಂದಿದ್ದೆ. ಭಾರಕ್ಕೆ ಸೈಕಲ್ ನಿಲ್ಲಲಿಲ್ಲ." ಭೈರಮ್ಮ ಆ ಹುಡುಗಿಯ ಕೆನ್ನೆಯ ಹೊಲಿಗೆ ಮುಟ್ಟಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಅಂದಿನಿಂದ ಲಕ್ಕಿ ಬಿಟ್ಟು ಬೇರೆ ಸೊಪ್ಪು ಮುಟ್ಟಿಲ್ಲ. ಮಧ್ಯಾಹ್ನ ಬಾಡಿದ್ದನ್ನು ಬದಲಿಸಲು ಮತ್ತೊಮ್ಮೆ ಏರು ಹತ್ತುತ್ತಾರೆ. ಹನ್ನೊಂದು ಕಿಲೋಮೀಟರು ಈಗ ಹದಿನೈದಾಗಿದೆ. ಶಶಿಕಿರಣ್ ಹಾಳೆ ತಿದ್ದಿದ್ದಾರೆ. ಆದರೆ ಹಳೆಯ ಹಾಳೆ ಜೆರಾಕ್ಸಿನ ಜೆರಾಕ್ಸಾಗಿ ಎಲ್ಲೆಲ್ಲಿಗೋ ಹೋಗಿದೆ. ಕಳೆದ ಭಾನುವಾರವೂ ಗುರುತಿಲ್ಲದ ಐವರು ಅದನ್ನೇ ಹಿಡಿದು ಇಳಿದರು. ಸೊಪ್ಪು ಕಂಡರು, ಬ್ರೇಕು ಹಿಡಿದರು, ಪಕ್ಕದಲ್ಲಿ ನಿಂತ ಹೆಂಗಸನ್ನು ನೋಡದೆ ಹೋದರು.

ಈಗ ಇನ್ನೊಂದು ಸುದ್ದಿ ಬಂದಿದೆ. ಮುಂದಿನ ತಿಂಗಳಿಂದ ಗ್ಯಾಂಗು ಶೃಂಗೇರಿ ಕಡೆಯ ರಸ್ತೆಗೆ. ಈ ದಾರಿಗೆ ಯಾರೂ ಇಲ್ಲ. ಮೇಸ್ತ್ರಿ ವಾಸಪ್ಪ ಹೇಳುತ್ತಾರೆ: "ಇಲ್ಲಿ ಆಕ್ಸಿಡೆಂಟೇ ಆಗೂದಿಲ್ಲ, ಗ್ಯಾಂಗ್ ಎಂತಕ್ಕೆ ಅಂತ ಆಫೀಸಿನೋರು ಬರೆದಿದಾರಂತೆ." ಸಿರಿ ಬಿದ್ದದ್ದು ಯಾವ ಕಡತದಲ್ಲೂ ಇಲ್ಲ. ಭೈರಮ್ಮ ಇಟ್ಟ ಸಾವಿರಾರು ಕೊಂಬೆಗಳೂ ಇಲ್ಲ.

ಹೀಗೆ ಮಾತಾಡುತ್ತಿರುವಾಗಲೇ ಅಧಿಕಾರಿಗಳ ಜೀಪು ತಿರುವಿನಲ್ಲಿ ನಿಧಾನಿಸಿ ನಿಲ್ಲುತ್ತದೆ. ಒಳಗೆ ಮೂವರು. ವಾಸಪ್ಪ ಓಡಿ ಹೋಗಿ ಕೈಮುಗಿಯುತ್ತಾರೆ. ಭೈರಮ್ಮ ಪೊರಕೆಯನ್ನು ಚರಂಡಿಯ ಪಕ್ಕಕ್ಕಿಟ್ಟು, ಕೈಯನ್ನು ಸೀರೆಗೆ ಒರೆಸಿಕೊಂಡು ಕಿಟಕಿಯ ಹತ್ತಿರ ಬರುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ಜೀಪಿನ ಕಿಟಕಿಗೆ ಇಷ್ಟು ಹತ್ತಿರ ಅವರು ಬಂದದ್ದಿಲ್ಲ.

"ಸ್ವಾಮಿ, ನನ್ನ ಕಳಿಸಿ, ಹೋಗ್ತೆ. ಆಮೇಲೆ ಇಲ್ಲಿ ಸೊಪ್ಪು ಇಡೋರು ಯಾರು? ಒಬ್ಬರ ಹೆಸರು ಹೇಳಿ, ಸಾಕು. ನಾನು ಅವರಿಗೆ ಗಿಡ ತೋರಿಸಿ ಹೋಗ್ತೆ."

ಮೂವರೂ ಮುಂದಿನ ರಸ್ತೆ ನೋಡುತ್ತಾರೆ. ವಾಸಪ್ಪ ನೆಲ ನೋಡುತ್ತಾರೆ. ಭೈರಮ್ಮ ಕಾಯುತ್ತಾರೆ.