ಮನೆಮಾತಿನ ಕಾಲಂ

ಮಕ್ಕಳೇ, ಕಲ್ಯಾಣ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ಮುಂಬಯಿಯ ಚೆಂಬೂರಿನಲ್ಲಿ ನನ್ನ ತಮ್ಮನಿರುವ ಸಾಲುಕೋಣೆಗಳ ಚಾಳಿನವರು, ಹೊರಗಿನವರು ಹೊರಡಿ ಎಂದು ಕಲ್ಲು ತೂರಿದ ಗಲಾಟೆಯಾದ ಮೇಲೆ, ಕೂತು ಕಟ್ಟಳೆ ಬರೆದಿದ್ದಾರೆ. ಮರಾಠಿ, ಕನ್ನಡ, ತಮಿಳು ಮನೆಮಾತಿನವರಿಗೆ ಕಮಿಟಿಯಲ್ಲಿ ಒಬ್ಬೊಬ್ಬ ಸದಸ್ಯ. ಆ ಸದಸ್ಯ ಒಪ್ಪದೆ ಅವನ ಕಡೆಯ ಯಾರನ್ನೂ ಮಾಲಕ ಬಾಡಿಗೆಯ ಖೋಲಿ ಬಿಡಿಸುವಂತಿಲ್ಲ. ಎಷ್ಟು ನ್ಯಾಯವಾಗಿದೆ ಎಂದುಕೊಂಡೆ.

ನಿನ್ನೆ ಚಾಳಿನ ಸೆಕ್ರೆಟರಿ, ಮನೆಮಾತಿನ ಕಾಲಂ ಇದ್ದ ಬಾಡಿಗೆದಾರರ ಪಟ್ಟಿ ಹಿಡಿದು ಬಂದರು. ಅವರು ಸೊಲ್ಲಾಪುರದ ಮರಾಠಿಯವರು, ಕನ್ನಡ ಬಲ್ಲರು. ಪಕ್ಕದ ಖೋಲಿಯ ಇಮಾಮಸಾಬ ಬಿಜಾಪುರ ಕಡೆಯವನು, ಕನ್ನಡ ಎಂದು ಬರೆಸಿದ್ದ. ಅವನ ಖೋಲಿಯ ಮೇಲೆ ಮಾಲಕನ ಕಣ್ಣು ಮೊದಲೇ ಇತ್ತಂತೆ. ಸೆಕ್ರೆಟರಿ ಬಾಗಿಲ ಮರೆಯಲ್ಲಿದ್ದ ನನ್ನನ್ನು ಕೇಳಿದರು, "ಮಾವಶಿ, ಖರೇ ಹೇಳ್ರಿ, ಇವರ ಮನೆಮಾತು ಯಾವ್ದು?"

ಮಾಸ್ತರರು ಕೇಳಿದರೇನೋ ಎಂಬಂತೆ ಹೇಳಿಬಿಟ್ಟೆ: "ಮನಿಯೊಳಗ ಮುಸಲ್ಮಾನಿ ಮಾತಾಡ್ತಾರ್ರಿ."

"ಏ ಅಕ್ಕಾ!" ಎಂದ ತಮ್ಮ. ಅಷ್ಟರಲ್ಲಿ ಸೆಕ್ರೆಟರಿ 'ಕನ್ನಡ' ಹೊಡೆದುಹಾಕಿ 'ಇತರೆ' ಎಂದು ಬರೆದಿದ್ದರು. ಇತರೆಯವರಿಗೆ ಸದಸ್ಯನಿಲ್ಲ.

"ನಾ ಬೈಯೋದು ಕನ್ನಡದಾಗರೀ ಸಾಹೇಬ್ರ, ಒಮ್ಮೆ ಕೇಳ್ತೀರೇನು?" ಎಂದ ಇಮಾಮಸಾಬ. ಕನ್ನಡದವರ ಸದಸ್ಯ ನೆಲ ನೋಡುತ್ತ ನಿಂತಿದ್ದ.

ಇಂದು ಬೆಳಿಗ್ಗೆ ಮಾಲಕ ಬಂದು ಖೋಲಿ ಬಿಡಲು ಹೇಳಿಹೋದ. ನಾನು ಹೊರಡುವಾಗ ಇಮಾಮಸಾಬನ ಹೆಂಡತಿ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದಳು. ತಪ್ಪಾಯಿತು ಎನ್ನಲು ಹೋಗಿ, ಗೋಣಿಯ ಬಾಯಿ ಅಗಲಿಸಿ ಹಿಡಿದೆ.

"ನೀವೇನ ಸುಳ್ಳ ಹೇಳಿಲ್ಲ ಬಿಡ್ರಿ, ಅಕ್ಕಾರ," ಎಂದಳು. ಕನ್ನಡದಲ್ಲೇ ಎಂದಳು.