ಹಳಿಯಾಳದಲ್ಲಿ ಯಂತ್ರ ಬರೆದ ಗೆರೆ

ದೆವ್ವ, ಗಾಳಿ, ಮಾಟ ಇಂಥವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ಪಕ್ಕದ ಮನೆಯವಳ ಮೈಮೇಲೆ ದೇವರು ಬಂತೆಂದು ಓಣಿಯವರೆಲ್ಲ ತೆಂಗಿನಕಾಯಿ ಹಿಡಿದು ಓಡಿದಾಗ ನಾನು ರೊಟ್ಟಿ ಬಡಿಯುತ್ತ ಕೂತವಳು. ಆದರೆ ಒಂದು ಮಧ್ಯಾಹ್ನ ನನ್ನ ಕಣ್ಣೆದುರೇ ನಡೆದದ್ದಕ್ಕೆ ಇವತ್ತಿನವರೆಗೂ ಉತ್ತರ ಸಿಕ್ಕಿಲ್ಲ. ಮೂರನೆಯ ಇಯತ್ತೆಯವರೆಗೆ ಕಲಿತವಳು ನಾನು. ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ, ನಡೆದದ್ದನ್ನು ಮಾತ್ರ ನಡೆದ ಹಾಗೆಯೇ ಹೇಳುತ್ತೇನೆ.

ಅರವತ್ತರ ದಶಕದ ಮಾತು. ನಾವು ಮುಂಡಗೋಡ ಕಡೆಯ ಒಕ್ಕಲಿಗರು. ಇದ್ದ ಹೊಲ ಅಣ್ಣತಮ್ಮಂದಿರಿಗೇ ಸಾಲದೆ ದಾಂಡೇಲಿಗೆ ಬಂದಿದ್ದೆವು. ನಮ್ಮ ಮನೆಯವರಿಗೆ ಕಟ್ಟಿಗೆ ಕೊಯ್ಯುವ ಒಂದು ಸಣ್ಣ ಮಿಲ್ಲಿನಲ್ಲಿ ಗರಗಸದ ಮುಂದೆ ದಿಮ್ಮಿ ತಳ್ಳುವ ಕೆಲಸ. ಇರಲು ಮಿಲ್ಲಿನ ಹಿಂದೆಯೇ ಧಣಿ ಕೊಟ್ಟ ಒಂದು ಖೋಲಿ. ಮಕ್ಕಳಿನ್ನೂ ಆಗಿರಲಿಲ್ಲ. ಅವರು ಕೆಲಸಕ್ಕೆ ಹೋದರೆ ದಿನವಿಡೀ ಗರಗಸದ ಸದ್ದು ಬಿಟ್ಟರೆ ನನಗೆ ಬೇರೆ ಜೊತೆ ಇರಲಿಲ್ಲ.

ಅವರ ಬಲಗೈ ನಡುಗಲು ಶುರುವಾದ ಮೇಲೆ ಆಗೀಗ ಮಾತಾಡಿಸುತ್ತಿದ್ದ ನಾಲ್ಕು ಜನರೂ ದೂರವಾದರು. ಸುಮ್ಮನೆ ಇಟ್ಟಾಗ ಕೈ ನೆಟ್ಟಗಿರುತ್ತಿತ್ತು. ಚಹಾದ ಕಪ್ಪು ಹಿಡಿದರೆ ಸಾಕು, ಅಂಗಿಯ ಮೇಲೆಲ್ಲ ಚೆಲ್ಲುತ್ತಿತ್ತು. ಕದ್ದು ಕುಡಿಯುತ್ತಾನೆ ಅಂದರು. ಹೆಂಗಸರು ನಲ್ಲಿಯ ಹತ್ತಿರ ನನ್ನನ್ನು ಕಂಡರೆ ಕೊಡ ಎತ್ತಿಕೊಂಡು ನಡೆದುಬಿಡುತ್ತಿದ್ದರು. ನಾನೇನು ಕಡಿಮೆ? ದಿನಾ ಸಂಜೆ ಅವರು ಮಲಗಿದ ಮೇಲೆ ಬಗ್ಗಿ ಬಾಯಿ ಮೂಸಿ ನೋಡುತ್ತಿದ್ದೆ. ಒಂದು ದಿನವೂ ವಾಸನೆ ಸಿಗಲಿಲ್ಲ. ಆದರೂ ಮೂಸುವುದನ್ನು ಬಿಡಲಿಲ್ಲ.

ಕಡೆಗೆ ಧಣಿ ಕರೆಸಿ ಹೇಳಿದರು, "ಕುಡದ ಕೈ ಅಲ್ಲಂತ ಡಾಕ್ಟರ ಕಡೆ ಬರಿಸ್ಕೊಂಡು ಬಾ. ಬ್ಯಾನಿ ಆದ್ರ ದಿಮ್ಮಿ ಕಾಯೂ ಕೆಲಸ ಕೊಡ್ತೇನಿ. ಇಲ್ಲಂದ್ರ ಖೋಲಿ ಬಿಡು."

ಹಳಿಯಾಳದ ಒಂದು ದವಾಖಾನೆಗೆ ದೊಡ್ಡ ಊರಿನಿಂದ ನರಗಳ ಡಾಕ್ಟರೊಬ್ಬರು ತಿಂಗಳಿಗೊಮ್ಮೆ ಬರುತ್ತಿದ್ದರು. ಆ ಸಲ ಪೆಟ್ಟಿಗೆಯಂಥ ಒಂದು ಯಂತ್ರ ತಂದಿದ್ದರು. ಕೈಯ ಸ್ನಾಯುವಿನ ಮೇಲೆ ಬಿಲ್ಲೆ ಅಂಟಿಸಿ ತಂತಿ ಹಚ್ಚಿದರೆ, ಒಳಗಿನ ನಡುಕವನ್ನು ಒಂದು ಮುಳ್ಳು ಸರಿಯುವ ಕಾಗದದ ಮೇಲೆ ಶಾಯಿಯಲ್ಲಿ ಬರೆಯುತ್ತಿತ್ತು. ತಂತಿ ನೋಡಿ ನಮ್ಮವರು ಹಿಂದೆ ಸರಿದರು.

"ಮೊದಲ ಆಕಿಗೆ ಹಚ್ಚರಿ ಸಾಹೇಬ್ರ. ಆಕಿಗೆ ಏನೂ ಆಗೂದಿಲ್ಲ. ಕರೆಂಟ್ ಹೊಡದ್ರ ಆಕೀನ ತಿರುಗಿ ಹೊಡೀತಾಳ."

ಡಾಕ್ಟರು ನಕ್ಕು ನನ್ನ ಕೈಗೇ ಮೊದಲು ಹಚ್ಚಿದರು. ಗೆರೆ ನೆಟ್ಟಗೆ ಬಂತು. ಆಮೇಲೆ ಅವರ ಕೈಗೆ ಹಚ್ಚಿ, ಕೈ ಚಾಚಿರಿ ಅಂದರು. ಕಾಗದದ ತುಂಬ ಗರಗಸದ ಹಲ್ಲಿನಂತೆ ಒಂದೇ ಅಳತೆಯ ಗೆರೆ. ಎಡಗೈಯಿಂದ ಮೇಜನ್ನು ನಿಧಾನಕ್ಕೆ ಬಡಿಯಿರಿ ಅಂದರು, ಜೋರಾಗಿ ಬಡಿಯಿರಿ ಅಂದರು. ಬಲಗೈಯ ನಡುಕ ತನ್ನ ತಾಳ ಬಿಡಲಿಲ್ಲ.

"ಸೋಗ ಹಾಕಿದ್ರ ಎಡಗೈ ಹೆಂಗ ಬಡೀತೈತಿ, ಬಲಗೈನೂ ಹಂಗ ಹೋಗ್ತಿತ್ತು," ಅಂದರು ಡಾಕ್ಟರು. "ಬಾಕಿ ಪರೀಕ್ಷಾನೂ ನೋಡೇನಿ. ಇದು ಕುಡತ ಅಲ್ಲ, ನರದ ಬ್ಯಾನಿ." ಹಾಗೆಯೇ ಬರೆದು ಸಹಿ ಹಾಕಿದರು. ಬಾಯಿ ಮೂಸಿದ್ದು ನೆನಪಾಗಿ ನಾನು ಗೋಡೆಯ ಕಡೆ ನೋಡುತ್ತ ಕೂತೆ.

ನಮ್ಮವರು ಎದುರಿನ ಹೊಟೇಲಿಗೆ ಚಹಾ ಕುಡಿಯಲು ಹೋದರು. ನನ್ನ ಮೊದಲಿನ ಗೆರೆಯ ಶಾಯಿ ಹರಡಿತ್ತೆಂದು ಡಾಕ್ಟರು ಇನ್ನೊಮ್ಮೆ ಬಿಲ್ಲೆ ಅಂಟಿಸಿದರು. ಕೈಯನ್ನು ಮೇಜಿನ ಮೇಲೆ ಇಟ್ಟೆ. ಅಲ್ಲಾಡಲಿಲ್ಲ. ಮುಳ್ಳು ಮಾತ್ರ ಬರೆಯತೊಡಗಿತು, ಅದೇ ಗರಗಸದ ಹಲ್ಲು.

ಡಾಕ್ಟರು ಕೈ ನೋಡಿದರು, ಮುಳ್ಳು ನೋಡಿದರು. ತಂತಿ ಬದಲಿಸಿದರು. ಫ್ಯಾನು ನಿಲ್ಲಿಸಿದರು. ತಮ್ಮ ಕೈಗೇ ಹಚ್ಚಿಕೊಂಡರೆ ಗೆರೆ ನೆಟ್ಟಗೆ. ಮತ್ತೆ ನನ್ನ ಕೈಗೆ ಹಚ್ಚಿದರೆ ಹಲ್ಲು. ನಮ್ಮವರ ಕಾಗದ, ನನ್ನ ಕಾಗದ ಎರಡನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಗೆರೆಯ ಮೇಲೆ ಗೆರೆ ಕೂತಿತ್ತು.

"ನಿಮಗ ಏನರ ಆಗಾಕ ಹತ್ತೈತೇನು?"

"ಏನೂ ಇಲ್ರಿ," ಅಂದೆ. ನಿಜವಾಗಿಯೂ ಏನೂ ಆಗುತ್ತಿರಲಿಲ್ಲ.

ಆಗ ಬಾಗಿಲಲ್ಲಿ ನಮ್ಮವರ ಚಪ್ಪಲಿ ಸದ್ದಾಯಿತು. ಮುಳ್ಳು ನಿಂತಿತು, ಗೆರೆ ನೆಟ್ಟಗಾಯಿತು. ಅವರ ಮುಖ ಸಣ್ಣ ಹುಡುಗನ ಮುಖದ ಹಾಗೆ ಅರಳಿತ್ತು.

"ಏ, ಇಲ್ಲಿ ನೋಡು, ಅಂಗಿ ನೋಡು! ಕಪ್ಪು ತುಂಬ ಚಹಾ ಕುಡದೆ, ಒಂದ ಹನಿ ಚೆಲ್ಲಲಿಲ್ಲ!" ಅಂದು ಕೈ ಚಾಚಿ ತೋರಿಸಿದರು. ಚಾಚಿದ ಕೈ ನಡುಗುತ್ತಿತ್ತು.

ಅವರು ಚೀಲ ಎತ್ತಿಕೊಳ್ಳುವಾಗ ಡಾಕ್ಟರು ಸಣ್ಣ ದನಿಯಲ್ಲಿ, "ಇದನ್ನ ಯಾರ ಮುಂದೂ ಆಡಬ್ಯಾಡ್ರಿ. ಯಂತ್ರ ಕೆಟ್ಟೈತಿ ಅಂತಾರ, ನಿಮ್ಮ ಯಜಮಾನರ ಕಾಗದಾನೂ ಸುಳ್ಳಾಗ್ತೈತಿ," ಅಂದು ನನ್ನ ಗೆರೆಯ ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು.

ನಾನು ಆಡಲಿಲ್ಲ. ನಮ್ಮವರ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ, ಅದಕ್ಕೆ ಅವರಿಗೂ ಹೇಳಲಿಲ್ಲ. ಕೆಲಸ ಉಳಿಯಿತು, ಖೋಲಿ ಉಳಿಯಿತು. ಮುಂದೆ ಒಬ್ಬ ಮಗಳೂ ಹುಟ್ಟಿದಳು. ಆದರೆ ಒಂದೇ ಖೋಲಿಯಲ್ಲಿ ಮಲಗಿ ಎದ್ದು ಮಾಡಿದರೂ ಆ ಮಾತು ನನ್ನೊಬ್ಬಳ ಹತ್ತಿರವೇ ಉಳಿಯಿತು.

ಅವರು ಮಾತ್ರ ಅವತ್ತು ಕೈ ನಡುಗದೆ ಇದ್ದದ್ದು ಆ ಹೊಟೇಲಿನ ಚಹಾದ ಗುಣ ಅಂತಲೇ ತಿಳಿದರು. ಹಳಿಯಾಳಕ್ಕೆ ಹೋದಾಗಲೆಲ್ಲ ನನ್ನನ್ನೂ ಕರೆದುಕೊಂಡು ಅಲ್ಲಿಗೇ ಹೋಗುತ್ತಿದ್ದರು. ಕಪ್ಪು ತುಂಬ ಚಹಾ ಹೇಳುತ್ತಿದ್ದರು. ನಾನು ಎದುರು ಕೂತು, ಅವತ್ತಿನ ಹಾಗೆಯೇ ಕೈಯನ್ನು ಮೇಜಿನ ಮೇಲೆ ಚಾಚಿ, ಬಾ, ಈ ಕಪ್ಪು ಮುಗಿಯುವ ತನಕವಾದರೂ ಈ ಕೈಗೆ ಬಾ, ಅಂತ ಆ ನಡುಕಕ್ಕೆ ಮನಸ್ಸಿನಲ್ಲೇ ಅನ್ನುತ್ತಿದ್ದೆ. ದೇವರಿಗೂ ನಾನು ಹಾಗೆ ಕೇಳಿಕೊಂಡವಳಲ್ಲ. ಅವರು ಕಪ್ಪು ಎತ್ತುತ್ತಿದ್ದರು. ಚಹಾ ಅಂಗಿಯ ಮೇಲೆ ಚೆಲ್ಲುತ್ತಿತ್ತು.

ಅವರು ಹೋಗಿ ಬಹಳ ವರ್ಷವಾಯಿತು. ಮೊಮ್ಮಕ್ಕಳು ನನ್ನ ಕೈಯಲ್ಲಿ ಸೂಜಿ ಕೊಟ್ಟು ದಾರ ಪೋಣಿಸಿಕೊಡು ಅನ್ನುತ್ತಾರೆ. ಒಂದೇ ಸಲಕ್ಕೆ ಪೋಣಿಸುತ್ತೇನೆ.