ನೂರು ಮಣ ಕಲ್ಲು, ಅರವತ್ತು ಮಣ ಸುಣ್ಣ

೧೯೫೪ರಲ್ಲಿ ನಾನು ರೋಣದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ವಯಸ್ಸು ಇಪ್ಪತ್ತಾರು. ರೋಣ ಆಗ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಶಾಲೆ ನಡೆಯುತ್ತಿದ್ದುದು ಬಾಡಿಗೆಯ ವಾಡೆಯೊಂದರಲ್ಲಿ. ಹಿಂದೆ ದನ ಕಟ್ಟುತ್ತಿದ್ದ ಜಾಗವೇ ನನ್ನ ಪ್ರಯೋಗಶಾಲೆ. ಒಂದು ತಕ್ಕಡಿ, ಎರಡು ಡಜನ್ ಪ್ರನಾಳ, ಒಂದು ಸ್ಪಿರಿಟ್ ದೀಪ, ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ನಾಲ್ಕು ಆಮ್ಲದ ಬಾಟಲಿ. ಮಳೆ ಬಂದ ದಿನ ಗಂಧಕದ ವಾಸನೆಗಿಂತ ಹಳೆಯ ಸಗಣಿಯ ವಾಸನೆಯೇ ಹೆಚ್ಚು. ಆ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಿದ್ದರೆ ನನಗೆ ಹಸು ನೆನಪಾಗುವುದಿಲ್ಲ, ರಸಾಯನಶಾಸ್ತ್ರ ನೆನಪಾಗುತ್ತದೆ.

ನಾನು ಚೆನ್ನಾಗಿ ಕಲಿಸುತ್ತೇನೆಂಬ ಹೆಸರಿತ್ತು. ಅದರಲ್ಲೂ ಸಮೀಕರಣ ಸರಿದೂಗಿಸುವುದನ್ನು. ರೋಣದ ಮಕ್ಕಳಿಗೆ ಹತ್ತಿ ತೂಗುವುದು ಗೊತ್ತು. ಹಾಗಾಗಿ ಹಲಗೆಯ ಮೇಲೆ ತಕ್ಕಡಿಯನ್ನೇ ಬರೆಯುತ್ತಿದ್ದೆ. ಬಾಣದ ಎಡಕ್ಕೆ ಒಂದು ತಟ್ಟೆ, ಬಲಕ್ಕೆ ಒಂದು ತಟ್ಟೆ. ಎಡಕ್ಕೆ ಎಷ್ಟು ಪರಮಾಣು ಹೋದವೋ ಬಲಕ್ಕೆ ಅಷ್ಟೇ ಬರಬೇಕು. ಹೈಡ್ರೋಜನ್ ಮತ್ತು ಆಕ್ಸಿಜನ್ ಕೂಡಿಸಿ ನೀರು ಮಾಡಿರೆಂದರೆ ಜಕ್ಕಲಿಯಿಂದ ನಡೆದು ಬರುವ ಹುಡುಗರು ಕೆಳಗಿನ ಅಂಕಿಯನ್ನೇ ತಿದ್ದಿ H₂O₂ ಮಾಡಿಡುತ್ತಿದ್ದರು. "ಕೆಳಗಿನ ಅಂಕಿ ಮುಟ್ಟಿದರ ನೀರು ಹೋಗಿ ಬ್ಯಾರೇನರ ಆಗತೈತ್ರೋ, ಮುಂದಿನ ಅಂಕಿ ಬದಲಸ್ರಿ" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದೆ.

ಆ ವರ್ಷ ಶಾಲೆಗೆ ಸ್ವಂತ ಕಟ್ಟಡ ಕಟ್ಟಬೇಕೆಂದು ಊರವರು ನಿರ್ಧರಿಸಿದರು. ಕಟ್ಟಡ ಸಮಿತಿಗೆ ಅಂದಾನೆಪ್ಪ ಸಾವಕಾರರು ಅಧ್ಯಕ್ಷರು, ಓದುಬರಹ ಬಲ್ಲವನೆಂದು ನಾನು ಕಾರ್ಯದರ್ಶಿ. ಸಾವಕಾರರು ಹತ್ತಿ ವ್ಯಾಪಾರಿ. ಕಟ್ಟುನಿಟ್ಟಿನ ಮನುಷ್ಯ, ಆದರೆ ಶಾಲೆಯ ಕೆಲಸವೆಂದರೆ ಊಟ ಬಿಟ್ಟು ಬರುವವರು. ಗಚ್ಚಿಗೆ ಸುಣ್ಣ ಬೇಕಲ್ಲ, ಅದಕ್ಕಾಗಿ ಸುತ್ತಲಿನ ಹಳ್ಳಿಗಳ ರೈತರು ಹಳ್ಳದಲ್ಲಿ ಸಿಗುವ ಸುಣ್ಣದ ಕಲ್ಲನ್ನು ಚಕ್ಕಡಿಯಲ್ಲಿ ತಂದು ಶಾಲೆಗೆ ದಾನವಾಗಿ ಸುರಿದರು. "ಇದು ಧರ್ಮದ ಕಲ್ಲು, ಒಂದು ಹರಳೂ ಆಚೀಚೆ ಆಗಬಾರದು" ಎಂದು ಸಾವಕಾರರು ಹತ್ತಿ ತೂಗುವ ದೊಡ್ಡ ತಕ್ಕಡಿಯನ್ನೇ ತರಿಸಿ ತೂಗಿಸಿದರು. ಮೊದಲ ಸಲಕ್ಕೆ ಸರಿಯಾಗಿ ನೂರು ಮಣ.

ಸುಡಲು ಒಪ್ಪಿಕೊಂಡವನು ಫಕೀರಪ್ಪ. ಊರಾಚೆ ಅವನ ಸುಣ್ಣದ ಭಟ್ಟಿ ಇತ್ತು. ಐವತ್ತರ ಸನಿಹದ ವಯಸ್ಸು, ಹುಬ್ಬಿನ ಮೇಲೆಲ್ಲ ಬಿಳಿ ಪುಡಿ, ಮಾತು ಕಡಿಮೆ. ಆರು ದಿನ ಸುಟ್ಟು ಆರಿಸಿ, ಏಳನೆಯ ದಿನ ಸುಣ್ಣ ತಂದು ಇಳಿಸಿದ. ಸಾವಕಾರರು ಮತ್ತೆ ತೂಗಿಸಿದರು. ಅರವತ್ತು ಮಣ.

ಮತ್ತೊಮ್ಮೆ ತೂಗಿದರು. ಅರವತ್ತೇ.

"ನಲವತ್ತು ಮಣ ಎಲ್ಲಿ ಹೋತೋ ಫಕೀರ್ಯಾ?"

ಫಕೀರಪ್ಪನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಏಕೆಂದರೆ ಸುಣ್ಣದ ಕಸುಬಿನಲ್ಲಿ ತೂಕವೇ ಇಲ್ಲ. ಎಲ್ಲ ಬುಟ್ಟಿಯ ಅಳತೆ. ಸುಣ್ಣದ ಕಲ್ಲು ಸುಟ್ಟರೂ ಗಾತ್ರದಲ್ಲಿ ಹೆಚ್ಚು ಕುಗ್ಗುವುದಿಲ್ಲ. "ಎಂಬತ್ತು ಬುಟ್ಟಿ ಕಲ್ಲು ಹಾಕೇನ್ರಿ, ಎಂಬತ್ತು ಬುಟ್ಟಿ ಸುಣ್ಣ ತಂದೇನ್ರಿ. ನಮ್ಮಪ್ಪನ ಕಾಲದಿಂದ ಬುಟ್ಟಿಗೆ ಬುಟ್ಟಿನ" ಎಂದ. ಸಾವಕಾರರು ತಕ್ಕಡಿಯ ಕಡೆ ಬೊಟ್ಟು ಮಾಡಿದರು. ಆಗ ಅವನು, "ಸುಟ್ರ ಕಲ್ಲಿನ ಉಸರು ಹೋಗತೈತ್ರಿ ಸಾವಕಾರ್ರ. ಭಟ್ಟಿ ಬಾಯಾಗ ದೀಪಾ ಹಿಡದ್ರ ಆರತೈತಿ, ಅಷ್ಟು ಉಸರು ಬರತೈತಿ" ಎಂದ. ನೆರೆದವರು ಗೊಳ್ಳೆಂದು ನಕ್ಕರು. ಕಲ್ಲಿಗೆ ಉಸಿರಂತೆ, ಅದೂ ನಲವತ್ತು ಮಣದ್ದಂತೆ! ನಾನೂ ನಕ್ಕೆ ಎಂದು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

ಸಾವಕಾರರು ನನ್ನತ್ತ ತಿರುಗಿದರು. "ಮಾಸ್ತರ್ರ, ನೀವು ಸಾಯನ್ಸ್ ಓದಿದವರು. ಬೆಂಕ್ಯಾಗ ಹಾಕಿದ್ರ ಕಲ್ಲು ನಾಶ ಆಗತೈತೇನ್ರಿ?"

ನಾನು ಎದೆ ಸೆಟೆಸಿ ಹೇಳಿದೆ: "ಇಲ್ರಿ. ದ್ರವ್ಯ ಎಂದೂ ನಾಶ ಆಗೂದಿಲ್ಲ. ಹಾಕಿದಷ್ಟು ಹೊರಗ ಬರಾಕ ಬೇಕು."

ಹೇಳಿದ್ದು ಅಕ್ಷರಶಃ ಸತ್ಯ. ಆ ಸತ್ಯದಿಂದಲೇ ಫಕೀರಪ್ಪ ಕಳ್ಳನಾದ. ಧರ್ಮದ ಸುಣ್ಣ ಮಾರಿಕೊಂಡನೆಂದು ಸಂಜೆಯೊಳಗೆ ಪೇಟೆಯೆಲ್ಲ ಸುದ್ದಿ. ಕೊರತೆಯ ಕಾಗದಕ್ಕೆ ಕಾರ್ಯದರ್ಶಿಯಾಗಿ ನಾನೇ ಸಹಿ ಮಾಡಿದೆ. ಮೂರು ದಿನದೊಳಗೆ ಸುದ್ದಿ ನರಗುಂದ ಮುಟ್ಟಿತು. ಫಕೀರಪ್ಪನ ಮಗಳನ್ನು ಅಲ್ಲಿಗೆ ಕೊಡುವುದೆಂದು ನಿಶ್ಚಯವಾಗಿತ್ತು. "ಸದ್ಯಕ್ಕೆ ಮದುವಿ ಮಾತು ಬ್ಯಾಡ" ಎಂದು ಬೀಗರು ಹೇಳಿಕಳಿಸಿದರು. ಗಜೇಂದ್ರಗಡದಲ್ಲಿ ಗುಡಿಯೊಂದಕ್ಕೆ ಸುಣ್ಣ ಕೊಡುವ ಮಾತಾಗಿತ್ತು, ಅವರೂ ಬೇರೆಯವರನ್ನು ಕರೆದರು. ಭಟ್ಟಿಯಲ್ಲಿ ಬೆಂಕಿ ಆರಿತು.

ನಾಲ್ಕನೆಯ ದಿನ ಸಂಜೆ ನಾನು ಮನೆಯ ಕಟ್ಟೆಯ ಮೇಲೆ ಕುಳಿತು ಹನ್ನೊಂದನೆಯ ಇಯತ್ತೆಯ ಪರೀಕ್ಷೆಯ ಹಾಳೆ ತಿದ್ದುತ್ತಿದ್ದೆ. ಪ್ರಶ್ನೆ ನಾನೇ ಕೊಟ್ಟದ್ದು: ಕ್ಯಾಲ್ಸಿಯಂ ಕಾರ್ಬೊನೇಟನ್ನು ಚೆನ್ನಾಗಿ ಕಾಯಿಸಿದರೆ ಏನಾಗುತ್ತದೆ? ಹುಡುಗಿಯೊಬ್ಬಳು ಬರೆದಿದ್ದಳು: CaCO₃ → CaO. ಅಷ್ಟೇ. ನನಗೆ ಸಿಟ್ಟು ಬಂತು. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಪಕ್ಕದಲ್ಲಿ ಬರೆದೆ: "ಉಳಿದದ್ದು ಎಲ್ಲಿ ಹೋಯಿತು?"

ಬರೆದ ಅಕ್ಷರ ಆರುವ ಮೊದಲೇ ಕೈ ನಿಂತಿತು. ಇದು ಸಾವಕಾರರ ಪ್ರಶ್ನೆ. ಕ್ಯಾಲ್ಸಿಯಂ ಕಾರ್ಬೊನೇಟ್ ಎಂದರೆ ಸುಣ್ಣದ ಕಲ್ಲು. ಉತ್ತರ ನಾನು ವರ್ಷಕ್ಕೆ ಹತ್ತು ಸಲ ಹಲಗೆಯ ಮೇಲೆ ಬರೆಯುತ್ತಿದ್ದದ್ದು: CaCO₃ → CaO + CO₂↑. ಅಂಗಾರಾಮ್ಲ ವಾಯು ಹೊರಗೆ ಹೋಗುತ್ತದೆ. ಹೋಯಿತೆಂದು ತೋರಿಸಲು ಪಕ್ಕದಲ್ಲೊಂದು ಮೇಲ್ಮುಖ ಬಾಣ. ಪರಮಾಣು ತೂಕ ಹಾಕಿ ನೋಡಿದೆ. ಕಲ್ಲು ನಲವತ್ತು, ಹನ್ನೆರಡು, ನಲವತ್ತೆಂಟು ಕೂಡಿ ನೂರು. ಸುಣ್ಣ ಐವತ್ತಾರು. ಗಾಳಿ ನಲವತ್ತನಾಲ್ಕು. ನೂರು ಮಣ ಅಪ್ಪಟ ಕಲ್ಲಿಗೆ ಐವತ್ತಾರು ಮಣ ಬರಬೇಕು. ಫಕೀರಪ್ಪ ತಂದದ್ದು ಅರವತ್ತು. ಹಳ್ಳದ ಕಲ್ಲಿನಲ್ಲಿ ಸುಟ್ಟರೂ ಹೋಗದ ಮಣ್ಣು ಬೆರೆತಿರುತ್ತದೆ, ಹೆಚ್ಚಿನ ನಾಲ್ಕು ಮಣ ಅದರಿಂದ ಬಂದದ್ದು. ಗಾಳಿಯಾಗಿ ಹೋದದ್ದು ಬಿಟ್ಟರೆ ಒಂದು ಹಿಡಿಯೂ ಆಚೀಚೆ ಆಗಿರಲಿಲ್ಲ. ಪುಸ್ತಕದ ಬದನೆಕಾಯಿ ಎಂದು ಬೇರೆಯವರನ್ನು ಗೇಲಿ ಮಾಡುತ್ತಿದ್ದ ನಾನು ಅವರಿಗಿಂತ ದೊಡ್ಡ ಬದನೆಕಾಯಿಯಾಗಿದ್ದೆ.

ಮರುದಿನ ಭಾನುವಾರ. ಬೆಳಿಗ್ಗೆಯೇ ಸಾವಕಾರರ ಅಂಗಡಿಗೆ ಹೋಗಿ, ತಪ್ಪು ನನ್ನದೆಂದೆ. ಅವರು ಒಪ್ಪಲಿಲ್ಲ. "ಮೊನ್ನೆ ಒಂದು ಸಾಯನ್ಸ್, ಇವತ್ತೊಂದು ಸಾಯನ್ಸ್ ಏನ್ರಿ?" ಎಂದರು. ಮಾತು ಮುಗಿಯಿತು, ಇನ್ನು ಮಾಡಿಯೇ ತೋರಿಸಬೇಕು. ಸುಡದೆ ಉಳಿದಿದ್ದ ರಾಶಿಯಿಂದ ಅವರ ಕೈಯಲ್ಲೇ ಒಂದು ಕಲ್ಲು ಎತ್ತಿಸಿ, ಅವರ ತಕ್ಕಡಿಯಲ್ಲೇ ತೂಗಿ, ಕಮ್ಮಾರನ ಕುಲುಮೆಗೆ ಒಯ್ದೆವು. ತಿದಿ ಊದುತ್ತ ಇಳಿಹೊತ್ತಿನ ತನಕ ಕಾಯಿಸಿದ್ದಾಯಿತು. ಸಾವಕಾರರು ಕಲ್ಲಿನ ಮೇಲಿನ ಕಣ್ಣು ಕೀಳಲಿಲ್ಲ, ಊಟಕ್ಕೂ ಏಳಲಿಲ್ಲ. ಆರಿದ ಮೇಲೆ ನೋಡಿದರೆ ಗಾತ್ರ ಅದೇ, ತೂಕದಲ್ಲಿ ಐದರಲ್ಲಿ ಎರಡು ಪಾಲು ಇಲ್ಲ.

"ಎಲ್ಲಿ ಹೋತ್ರಿ ಇದು?" ಈ ಸಲ ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಶಾಲೆಗೆ ಕರೆತಂದೆ. ಎತ್ತರದ ಗಾಜಿನ ಪಾತ್ರೆಯಲ್ಲಿ ಸುಡದ ಕಲ್ಲಿನ ಚೂರು ಹಾಕಿ ಆಮ್ಲ ಸುರಿದೆ. ಬುರುಬುರು ಗುಳ್ಳೆ ಎದ್ದವು. ಬೆಂಕಿ ಕಲ್ಲಿನಿಂದ ಬಿಡಿಸುವ ಗಾಳಿಯನ್ನೇ ಆಮ್ಲವೂ ಬಿಡಿಸುತ್ತದೆ ಎಂದು ಹೇಳಿ, ಉರಿಯುವ ಮೇಣದಬತ್ತಿಯ ತುಂಡನ್ನು ತಂತಿಗೆ ಸಿಕ್ಕಿಸಿ ಅವರ ಕೈಗೇ ಕೊಟ್ಟೆ. ಪಾತ್ರೆಯೊಳಗೆ ಇಳಿಸಿದರು, ಆರಿತು. ಮತ್ತೆ ಹಚ್ಚಿ ಇಳಿಸಿದರು, ಮತ್ತೆ ಆರಿತು. ಭಟ್ಟಿಯ ಬಾಯಲ್ಲಿ ದೀಪ ಆರುತ್ತದೆ ಎಂದು ಫಕೀರಪ್ಪ ಹೇಳಿದಾಗ ನಾವೆಲ್ಲ ನಕ್ಕಿದ್ದೆವು.

ಸಾವಕಾರರು ತಂತಿಯನ್ನು ಮೇಜಿನ ಮೇಲಿಟ್ಟರು. ಆಮೇಲೆ ತಮಗೆ ತಾವೇ ಎಂಬಂತೆ, "ಹತ್ತಿ ಗಿರಣಿಗೆ ಹಾಕಿ ಬಿಡಿಸಿದ ಅರಳಿ ಅಷ್ಟ ತೂಗಿ, ಹತ್ತಿಕಾಳು ತೂಗೂದು ಮರತಂಗ ಆತಲ್ರಿ" ಎಂದರು. ನನ್ನ ಎಷ್ಟೋ ಪಾಠಗಳ ಸಾರವನ್ನು ಆ ಮನುಷ್ಯ ಒಂದು ಮಾತಿನಲ್ಲಿ ಹೇಳಿದ್ದರು.

ಅಲ್ಲಿಂದ ನೇರ ಭಟ್ಟಿಗೆ ನಡೆದರು. ಪೇಟೆಯ ನಡುವೆಯೇ ಹೋದರು, ನಾಲ್ಕು ಮಂದಿ ನೋಡಲೆಂದೇ. ಫಕೀರಪ್ಪ ಆರಿದ ಭಟ್ಟಿಯ ಮುಂದೆ ಕುಳಿತಿದ್ದ, ನಮ್ಮನ್ನು ಕಂಡು ಎದ್ದು ನಿಂತ. ಸಾವಕಾರರು ಅಲ್ಲೇ ಕಲ್ಲಿನ ಮೇಲೆ ಕುಳಿತು ಎಲೆ ಅಡಿಕೆಯ ಚಂಚಿ ಬಿಚ್ಚಿ ಒಂದು ಎಲೆ ತೆಗೆದರು. ಅದನ್ನು ಅವನ ಕೈಗೆ ಕೊಟ್ಟು, "ಫಕೀರಪ್ಪಾ, ನನ್ನ ಎಲಿಗೆ ನಿನ್ನ ಭಟ್ಟಿ ಸುಣ್ಣಾ ಹಚ್ಚಿ ಕೊಡು. ನಂದು ತಪ್ಪಾತು. ನರಗುಂದಕ್ಕ ನಾಳೆ ನಾನ ಹೋಗಿ ಹೇಳತೇನಿ" ಎಂದರು. ಫಕೀರಪ್ಪ ಎಲೆ ಒರೆಸಿ, ಸುಣ್ಣ ಹಚ್ಚಿ ಕೊಟ್ಟ. ಸಾವಕಾರರು ಹೇಳಿದಂತೆಯೇ ಹೋಗಿಬಂದರು. ಆ ಬೇಸಿಗೆಯಲ್ಲೇ ಮದುವೆಯಾಯಿತು, ನಾನೂ ಉಂಡು ಬಂದೆ.

ಆ ಸಂಜೆ ನಾನೂ ಕೈಮುಗಿದು ಕ್ಷಮೆ ಕೇಳಿದೆ. ಫಕೀರಪ್ಪ ನನ್ನ ಮುಖ ನೋಡಿ, ಸಿಟ್ಟಿಲ್ಲದೆ ಹೇಳಿದ: "ಸಾವಕಾರ್ರು ಅಂದದ್ದು ನನಗ ಭಾಳ ಹತ್ತಲಿಲ್ರಿ ಮಾಸ್ತರ್ರ. ಅವರಿಗೆ ಗೊತ್ತಿರಲಿಲ್ಲ. ನಿಮಗ ಗೊತ್ತಿತ್ತು."

ಆ ಮಾತು ಕೇಳಿ ಎಷ್ಟೋ ವರ್ಷವಾಯಿತು. ನೌಕರಿಯಲ್ಲಿ ನನಗೆ ಅದಕ್ಕಿಂತ ದೊಡ್ಡ ಮೆಮೊ ಯಾರೂ ಕೊಡಲಿಲ್ಲ. ಮುಂದೆ ಪ್ರತಿ ವರ್ಷ ಈ ಪಾಠವನ್ನು ಭಟ್ಟಿಯ ಮುಂದೆಯೇ ಮಾಡಿದೆ. ಫಕೀರಪ್ಪ ದೀಪ ಹಿಡಿದು ಆರಿಸಿ ತೋರಿಸುತ್ತಿದ್ದ, ನಾನು ಪಕ್ಕದಲ್ಲಿ ನಿಂತು ಸಮೀಕರಣ ಹೇಳುತ್ತಿದ್ದೆ. ತಿಳಿದದ್ದು ಬೇಕಾದ ಹೊತ್ತಿಗೆ ನೆನಪಾಗದಿದ್ದರೆ ಅದು ತಿಳಿವಳಿಕೆಯಲ್ಲ, ಬರೀ ಅಂಕಗಳಿಕೆ ಎಂಬುದನ್ನು ನನಗೆ ಕಲಿಸಿದ್ದು ಆ ಭಟ್ಟಿ.

ಕಟ್ಟಡ ಮುಗಿದು, ಅದೇ ಸುಣ್ಣದ ಗೋಡೆಯ ಕೋಣೆಯಲ್ಲಿ ಬಹಳ ವರ್ಷ ಕಲಿಸಿದೆ. ಪರೀಕ್ಷೆಯಲ್ಲಿ CO₂ ಪಕ್ಕದ ಮೇಲ್ಮುಖ ಬಾಣ ಮರೆತವರಿಗೆ ಅರ್ಧ ಅಂಕ ಕಳೆಯುತ್ತಿದ್ದೆ. "ಅಷ್ಟ ಸಣ್ಣ ಬಾಣಕ್ಕ ಅರ್ಧ ಮಾರ್ಕ್ ಏನ್ರಿ ಸರ್?" ಎಂದು ಹುಡುಗರು ಜಗಳಕ್ಕೆ ಬರುತ್ತಿದ್ದರು. ನಾನು ಗೋಡೆಯ ಮೇಲೆ ಕೈಯಿಟ್ಟು ಫಕೀರಪ್ಪನ ಕಥೆ ಹೇಳುತ್ತಿದ್ದೆ. ಕೇಳಿದ ಮೇಲೆ ಆ ಅರ್ಧ ಅಂಕವನ್ನು ಯಾರೂ ಮತ್ತೆ ಕೇಳಲಿಲ್ಲ.